ಯಾರ ಕಾಗದ, ಯಾರ ಬೀಗ

ಬೀಗ ಕೊಳ್ಳಲು ಹೋದವನು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಗಟ್ಟಿಯಾಗಿದೆಯೇ?’ ಎಂಬುದು. ಎರಡನೆಯದು ‘ಎಷ್ಟಾಗುತ್ತದೆ?’ ಬೀಗ ಹಾಕಬೇಕಾದ ಪೆಟ್ಟಿಗೆಯೊಳಗೆ ಇರುವುದು ಯಾರ ವಸ್ತು ಎಂದು ಅಂಗಡಿಯವನೂ ಕೇಳುವುದಿಲ್ಲ, ಕೊಳ್ಳುವವನೂ ಯೋಚಿಸುವುದಿಲ್ಲ. ಪೆಟ್ಟಿಗೆ ನಮ್ಮದು, ಆದ್ದರಿಂದ ಒಳಗಿರುವುದೂ ನಮ್ಮದೇ ಎಂಬುದು ನಮ್ಮ ಎಣಿಕೆ. ಮಲೆಬೆನ್ನೂರಿನ ಒಂದು ಸಣ್ಣ ಅಕ್ಕಿ ಗಿರಣಿಗೆ ಭದ್ರವಾದ ಇ-ಮೇಲ್ ವ್ಯವಸ್ಥೆಯೊಂದನ್ನು ಆರಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ ಈ ಎಣಿಕೆಯ ಬಗ್ಗೆ ಬಹಳ ದಿನ ಯೋಚಿಸುವ ಹಾಗಾಯಿತು.

ಮಲೆಬೆನ್ನೂರು ಹರಿಹರದಿಂದ ಶಿವಮೊಗ್ಗದ ಕಡೆಗೆ ಹೋಗುವ ದಾರಿಯ ಊರು. ಭದ್ರಾ ನಾಲೆಯ ನೀರು ಬಂದ ಮೇಲೆ ಸುತ್ತಮುತ್ತ ಭತ್ತ ಬಂತು. ಭತ್ತದ ಬೆನ್ನಿಗೆ ಗಿರಣಿಗಳು ಬಂದವು, ಗಿರಣಿಗಳ ಬೆನ್ನಿಗೆ ಲಾರಿಗಳು, ಹಮಾಲರು, ಗೋಣಿಚೀಲದ ವ್ಯಾಪಾರಿಗಳು, ಲೆಕ್ಕ ಬರೆಯುವವರು. ನಾನು ಈ ಕೊನೆಯ ಪಂಗಡಕ್ಕೆ ಸೇರಿದವನು. ನಾಲ್ಕಾರು ಸಣ್ಣ ವ್ಯಾಪಾರಗಳ ಲೆಕ್ಕವನ್ನೂ ಪತ್ರವ್ಯವಹಾರವನ್ನೂ ನೋಡಿಕೊಂಡು ಬದುಕುತ್ತೇನೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮೊದಲು ನಮ್ಮ ಸರ್ಕಾರಿ ಕಾಗದಗಳು ಚಿತ್ರದುರ್ಗಕ್ಕೆ ಹೋಗುತ್ತಿದ್ದವು. ಈಗ ಎಲ್ಲವೂ ಫೋನಿನೊಳಕ್ಕೆ ಹೋಗುತ್ತವೆ. ಅಲ್ಲಿಂದ ಎಲ್ಲಿಗೆ ಎಂದು ಕೇಳುವವರು ಕಡಿಮೆ.

ಕೆಲಸ ಒಪ್ಪಿಕೊಂಡ ಮೇಲೆ ಮೊದಲು ಮಾಡಿದ್ದೆಂದರೆ ಗಿರಣಿಯ ಹಳೆಯ ಇ-ಮೇಲ್ ಪೆಟ್ಟಿಗೆಯನ್ನು ತಳದವರೆಗೆ ನೋಡಿದ್ದು. ಗಿರಣಿಯದೇ ಎನ್ನಬಹುದಾದ ಗುಟ್ಟು ಅದರಲ್ಲಿ ಬಹಳವೇನಿರಲಿಲ್ಲ. ಯಾವ ವ್ಯಾಪಾರಿಗೆ ಯಾವ ದರ, ಬ್ಯಾಂಕು ಕೊಟ್ಟಿರುವ ಸಾಲದ ಮಿತಿ, ಯಂತ್ರದ ಬಿಡಿಭಾಗಕ್ಕಾಗಿ ನಡೆದ ಒಂದಿಷ್ಟು ಜಗಳ. ಉಳಿದದ್ದೆಲ್ಲ ಬೇರೆಯವರದು. ಭತ್ತ ಹಾಕಿದ ರೈತರ ಹೆಸರು, ಊರು, ತೂಕ, ತೇವಾಂಶ, ಕೊಡಬೇಕಾದ ಹಣ, ಮೊದಲೇ ಕೈಗಡ ತೆಗೆದುಕೊಂಡಿದ್ದರೆ ಅದರ ಬಾಕಿ; ಅವರ ಪಾಸ್‌ಬುಕ್ಕಿನ ಮೊದಲ ಪುಟ, ಆಧಾರ್ ಕಾರ್ಡಿನ ಎರಡೂ ಬದಿ, ಕೆಲವರ ಪಹಣಿ; ಹಮಾಲರ ಮುಂಗಡದ ಪಟ್ಟಿ; ಲಾರಿ ಚಾಲಕರ ಲೈಸೆನ್ಸ್; ಒಬ್ಬ ಕೆಲಸಗಾರನ ಹೆಂಡತಿಯ ಶಸ್ತ್ರಚಿಕಿತ್ಸೆಯ ಬಿಲ್ಲು. ಸಾಲ ಕೇಳಲು ಆತ ಅದನ್ನು ಕಳಿಸಿದ್ದ. ಈ ಕಾಗದಗಳನ್ನು ಕೊಟ್ಟವರಲ್ಲಿ ಒಬ್ಬರನ್ನಾದರೂ ‘ನಿಮ್ಮದನ್ನು ಎಲ್ಲಿಡೋಣ?’ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವರು ನಕ್ಕುಬಿಡುತ್ತಿದ್ದರೋ ಏನೋ.

ಇನ್ನು ಆ ಪೆಟ್ಟಿಗೆಯ ಬೀಗದ ಕಥೆ. ಗಿರಣಿಯ ಹೆಸರಿನಲ್ಲಿ ಒಂದೇ ಒಂದು ಉಚಿತ ಜೀಮೇಲ್ ಖಾತೆ. ಪಾಸ್‌ವರ್ಡ್ ಐದು ಜನಕ್ಕೆ ಗೊತ್ತು: ಯಜಮಾನರು, ಅವರ ಮಗ, ಹಿಂದಿನ ಗುಮಾಸ್ತ, ಆಡಿಟರ ಕಚೇರಿಯ ಹುಡುಗ, ಖಾತೆಯನ್ನು ತೆರೆದುಕೊಟ್ಟಿದ್ದ ಕಂಪ್ಯೂಟರ್ ಅಂಗಡಿಯವನು. ಪಾಸ್‌ವರ್ಡ್ ಮರೆತರೆ ಸಂದೇಶ ಹೋಗಬೇಕಾದ ಫೋನ್ ನಂಬರು ಈ ಕೊನೆಯವನದು. ಅವನು ಅಂಗಡಿ ಮುಚ್ಚಿ ಊರು ಬಿಟ್ಟು ಹೋಗಿ ವರ್ಷಗಳೇ ಆಗಿದ್ದವು. ಲೆಕ್ಕಪ್ರಕಾರ ಗಿರಣಿಯ ಕಾಗದಪತ್ರಗಳ ನಿಜವಾದ ಒಡೆಯ ಅವನೇ. ಪಾಪ, ಅವನಿಗೆ ಅದು ಗೊತ್ತಿತ್ತೋ ಇಲ್ಲವೋ.

ನಾನು ಅಲ್ಲಿಯ ಲೆಕ್ಕ ಹಿಡಿಯುವುದಕ್ಕೆ ಹಿಂದಿನ ವರ್ಷ ಒಂದು ಸಂಗತಿ ನಡೆದಿತ್ತು. ರೈತರ ಕೈಗಡದ ಬಾಕಿಯ ಪಟ್ಟಿ ಆಡಿಟರಿಗೆ ಹೋಗಿತ್ತು. ಅದಾಗಿ ಎರಡು ತಿಂಗಳಿಗೆ ಪಟ್ಟಿಯಲ್ಲಿದ್ದ ಒಬ್ಬ ರೈತರ ಮನೆಯಲ್ಲಿ ಮದುವೆಯ ಮಾತುಕತೆ. ಗಂಡಿನ ಕಡೆಯವರೊಬ್ಬರು ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ, ಗಿರಣಿಯಲ್ಲಿ ಇಷ್ಟು ಬಾಕಿ ಇದೆಯಂತಲ್ಲ ಎಂದು ಮೊತ್ತವನ್ನು ನೂರು ರೂಪಾಯಿಯೂ ಆಚೀಚೆಯಾಗದಂತೆ ಹೇಳಿದರಂತೆ. ಸಂಬಂಧವೇನೂ ಮುರಿಯಲಿಲ್ಲ. ಆದರೆ ಆ ರೈತರು ಆ ಗಿರಣಿಗೆ ಮತ್ತೆ ಭತ್ತ ಹಾಕಲಿಲ್ಲ. ಬಂದು ಜಗಳವನ್ನೂ ಆಡಲಿಲ್ಲ. ಪಟ್ಟಿ ಯಾರಿಂದ ಹೊರಬಿತ್ತು ಎಂದು ಯಜಮಾನರು ವಿಚಾರಿಸಿದರು, ತಿಳಿಯಲಿಲ್ಲ. ತಿಳಿಯುವುದು ಸಾಧ್ಯವೂ ಇರಲಿಲ್ಲ. ಐದು ಜನ ಒಂದೇ ಹೆಸರಿನಿಂದ ಒಂದೇ ಬಾಗಿಲಲ್ಲಿ ಓಡಾಡುತ್ತಿದ್ದರೆ, ಯಾರು ಬಂದರು ಯಾರು ಹೋದರು ಎಂದು ಹೇಳುವುದು ಹೇಗೆ? ಅವರಲ್ಲಿ ನಾಲ್ವರು ನಿರಪರಾಧಿಗಳು. ಆದರೂ ಐವರ ಮೇಲೂ ಸಮನಾಗಿ ಸಂಶಯ ಉಳಿಯಿತು. ಬೇರೆಯವರ ಗುಟ್ಟು ಹೊರಬಿದ್ದದ್ದು ಎಷ್ಟು ಅನ್ಯಾಯವೋ ಇದೂ ಅಷ್ಟೇ ಅನ್ಯಾಯ ಎಂದು ನನ್ನ ಅಭಿಪ್ರಾಯ.

ಇಷ್ಟಾದರೂ ಹೊಸ ವ್ಯವಸ್ಥೆಗೆ ವರ್ಷವರ್ಷ ದುಡ್ಡು ಕಟ್ಟಬೇಕೆಂದಾಗ ಯಜಮಾನರು ಹೇಳಿದ್ದು: “ನಮ್ದೇನು ಕಳ್ಳ ವ್ಯಾಪಾರಾನ? ಮುಚ್ಚಿಡೋ ಅಂಥದ್ದು ಏನೈತಿ?” ಇದು ಮಲೆಬೆನ್ನೂರಿನ ಮಾತಷ್ಟೇ ಅಲ್ಲ, ಲೋಕದ ಎಲ್ಲ ಕಡೆಯೂ ಪ್ರಾಮಾಣಿಕರು ಆಡುವ ಮಾತು. ಇದರಲ್ಲಿ ಒಂದು ಸಾತ್ವಿಕ ಹೆಮ್ಮೆಯೂ ಇದೆ. ತಾನು ತೆರೆದ ಪುಸ್ತಕ ಎಂದು ಹೇಳಿಕೊಳ್ಳುವ ಹಕ್ಕು ಯಾರಿಗಾದರೂ ಉಂಟು. ಆದರೆ ನನ್ನ ಪುಸ್ತಕದೊಳಗೆ ಪಕ್ಕದ ಮನೆಯವರ ಹಾಳೆಗಳೂ ಸೇರಿ ಹೊಲಿದುಹೋಗಿದ್ದರೆ, ಅದನ್ನು ತೆರೆದಿಡುವ ಉದಾರತನ ನನ್ನದಲ್ಲ.

ಮುಚ್ಚಿಡುವುದು ತಪ್ಪಿತಸ್ಥರ ಲಕ್ಷಣವಲ್ಲ, ಅದು ಮನುಷ್ಯನ ಹಕ್ಕು ಎಂದು ಈ ದೇಶದಲ್ಲಿ ಖಚಿತವಾದದ್ದೂ ನಮ್ಮ ಕಡೆಯವರೊಬ್ಬರ ದೆಸೆಯಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗಲೇ ಎಂಬತ್ತು ದಾಟಿದ ವಯಸ್ಸು. ಆ ಮೊಕದ್ದಮೆಯಿಂದ ಎದ್ದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಉತ್ತರ ಕೊಟ್ಟರು: ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕು. ನಮ್ಮ ರೈತರ ಬಾಕಿಯ ಪಟ್ಟಿಗೂ ಆ ತೀರ್ಪಿಗೂ ಬಾದರಾಯಣ ಸಂಬಂಧ ಕಟ್ಟುತ್ತಿದ್ದಾನೆ ಎಂದು ಓದುಗರಿಗೆ ಅನ್ನಿಸಬಹುದು. ಹಾಗೇನಿಲ್ಲ. ಆ ತೀರ್ಪಿನ ಮುಂದಿನ ಮಜಲೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಇನ್ನೊಬ್ಬರ ವಿವರಗಳನ್ನು ಇಟ್ಟುಕೊಂಡು ಬಳಸುವವನನ್ನು ಆ ಕಾಯ್ದೆ ‘ಫಿಡ್ಯೂಷಿಯರಿ’ ಎಂದು ಕರೆಯುತ್ತದೆ. ಹೊಸ ಮಾತೇನಲ್ಲ. ನಮ್ಮ ಹಳೆಯ ಧರ್ಮಶಾಸ್ತ್ರದವರು ವ್ಯಾಜ್ಯಗಳನ್ನು ಹದಿನೆಂಟು ಬಗೆಯಾಗಿ ವಿಂಗಡಿಸಿದಾಗ ‘ನಿಕ್ಷೇಪ’ ಎಂದು ಒಂದನ್ನು ಇಟ್ಟರು. ಇಂದು ಆ ಶಬ್ದ ಕೇಳಿದರೆ ನೆಲದಲ್ಲಿ ಹೂತಿಟ್ಟ ಹೊನ್ನು ನೆನಪಾಗುತ್ತದೆ. ಅವರಿಗೆ ಅದು ನಂಬಿ ಒಪ್ಪಿಸಿದ ಒಡವೆ. ಏನಿದೆ ಎಂದು ಹೇಳದೆ ಮುಚ್ಚಿ ಒಪ್ಪಿಸಿದ್ದಾದರೆ ಅದಕ್ಕೆ ‘ಉಪನಿಧಿ’ ಎಂಬ ಬೇರೆಯ ಹೆಸರೇ ಇತ್ತು. ಇ-ಮೇಲ್ ಕಂಪನಿಗಳನ್ನು ಹೋಲಿಸಿ ನೋಡುವಾಗ ನನಗೆ ಈ ವ್ಯತ್ಯಾಸ ಎಷ್ಟೋ ಸಲ ಉಪಯೋಗಕ್ಕೆ ಬಂತು. ಕೆಲವು ಕಂಪನಿಗಳು ನಮ್ಮ ಗಂಟನ್ನು ಬಿಚ್ಚಿನೋಡಬಲ್ಲ ಹಾಗೆ ಇಟ್ಟುಕೊಳ್ಳುತ್ತವೆ, ಕೆಲವು ತಮಗೂ ತೆರೆಯಲಾಗದ ಹಾಗೆ ಇಟ್ಟುಕೊಳ್ಳುತ್ತೇವೆ ಎನ್ನುತ್ತವೆ.

ಕಾರ್ಡು ಬರೆಯುತ್ತಿದ್ದ ಕಾಲದಲ್ಲಿ ಈ ಸಮಸ್ಯೆಗೆ ಜನ ತಾವೇ ಒಂದು ಪರಿಹಾರ ಕಂಡುಕೊಂಡಿದ್ದರು. 1879ರಲ್ಲಿ ಕಾಲಾಣೆಗೆ ಕಾರ್ಡು ಬಂದಂದಿನಿಂದ ಅದನ್ನು ಅಂಚೆಯವನೂ ಓದಬಲ್ಲ, ಅವನ ಜೊತೆ ಚಹಾ ಕುಡಿಯುವವರೂ ಓದಬಲ್ಲರು ಎಂದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಶುರುಮಾಡಿ, ಮಳೆ ಬೆಳೆ ಬರೆದು, ನಿಜವಾಗಿ ಹೇಳಬೇಕಾದ ಕಡೆಗೆ ಬಂದಾಗ ‘ಉಳಿದದ್ದು ಮುಖತಃ’ ಎಂದು ನಿಲ್ಲಿಸುತ್ತಿದ್ದರು. ಆ ಎರಡು ಶಬ್ದಗಳಲ್ಲಿ ಎಷ್ಟು ಸಾಲ, ಎಷ್ಟು ಕಾಯಿಲೆ, ಎಷ್ಟು ದಾಯಾದಿ ಜಗಳ ಅಡಗಿರುತ್ತಿತ್ತೋ! ಇ-ಮೇಲ್ ಬಂದಾಗ ನಾವು ಅದನ್ನು ಮುಚ್ಚಿದ ಲಕೋಟೆ ಎಂದು ತಿಳಿದೆವು. ಪಾಸ್‌ವರ್ಡ್ ಕೇಳುತ್ತದಲ್ಲ, ಅದಕ್ಕೆ. ಆದರೆ ಬಹುಮಟ್ಟಿಗೆ ಅದೂ ಕಾರ್ಡೇ; ಈಗೀಗ ದಾರಿಯಲ್ಲಿ ಹೋಗುವಾಗ ಮುಚ್ಚಿದ ಚೀಲದಲ್ಲಿ ಹೋಗುತ್ತದೆ, ತಂಗುವ ಕಡೆ ಚೀಲ ಬಿಚ್ಚುತ್ತಾರೆ. 2004ರಲ್ಲಿ ಶುರುವಾದ ಜೀಮೇಲ್ ಉಚಿತ ಖಾತೆಗಳ ಪತ್ರಗಳನ್ನು ಯಂತ್ರದಿಂದ ಓದಿಸಿ ಅದಕ್ಕೆ ತಕ್ಕ ಜಾಹೀರಾತು ತೋರಿಸುತ್ತಿತ್ತು. ಆ ಅಭ್ಯಾಸ ಬಿಡುತ್ತೇವೆಂದು ಗೂಗಲ್ 2017ರಲ್ಲಿ ಹೇಳಿತು. ಸರ್ಕಾರಕ್ಕಂತೂ ಅಂಚೆಯನ್ನು ತಡೆದು ನೋಡುವ ಅಧಿಕಾರ 1898ರ ಅಂಚೆ ಕಾಯ್ದೆಯಲ್ಲೂ ಇತ್ತು, ಅದರ ಜಾಗಕ್ಕೆ ಬಂದ 2023ರ ಕಾಯ್ದೆಯಲ್ಲೂ ಇದೆ. ಇ-ಮೇಲಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೆಯ ವಿಧಿ ಇದೆ.

ನಡುವಿನ ಯಾರೂ ಓದಲಾಗದ ಪತ್ರ ಎಂದರೇನು ಎಂದು ಯಜಮಾನರಿಗೆ ತಿಳಿಸಿ ಹೇಳಲು ನನಗೆ ದನದ ಜಾತ್ರೆ ನೆರವಿಗೆ ಬಂತು. ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ಕುದುರಿಸುವವರು ಟವೆಲಿನ ಕೆಳಗೆ ಕೈಯಿಟ್ಟು ಬೆರಳು ಹಿಡಿದು ದರ ಮಾತಾಡುತ್ತಾರೆ. ಸುತ್ತ ನೂರು ಜನ ನಿಂತಿರುತ್ತಾರೆ. ದರ ಗೊತ್ತಾಗುವುದು ಆ ಎರಡು ಕೈಗಳಿಗೆ ಮಾತ್ರ. 2014ರಲ್ಲಿ ಜಿನೀವಾದಲ್ಲಿ ವಿಜ್ಞಾನಿಗಳು ಕೆಲವರು ಸೇರಿ ಶುರುಮಾಡಿದ ಪ್ರೋಟಾನ್ ಮೇಲ್ ಕೊಡುವುದು ಇಂಥ ಒಂದು ಟವೆಲನ್ನು. ಆದರೆ ಯಾರು ಯಾರ ಕೈ ಹಿಡಿದರು, ಎಷ್ಟು ಹೊತ್ತು ಹಿಡಿದರು ಎಂಬುದನ್ನು ಟವೆಲು ಮುಚ್ಚುವುದಿಲ್ಲ. 2021ರಲ್ಲಿ ಸ್ವಿಸ್ ಅಧಿಕಾರಿಗಳ ಆದೇಶಕ್ಕೆ ಒಳಪಟ್ಟು ಆ ಕಂಪನಿ ಫ್ರಾನ್ಸಿನ ಪರಿಸರ ಹೋರಾಟಗಾರರೊಬ್ಬರ ಐ.ಪಿ. ವಿಳಾಸವನ್ನು ಕೊಡಬೇಕಾಯಿತು. ಪತ್ರದ ಒಳಗಿನದು ಹೋಗಲಿಲ್ಲ, ಬರೆದವರು ಸಿಕ್ಕಿದರು.

ಟವೆಲಿನ ಕೆಳಗೆ ಪ್ರಾಮಾಣಿಕರೇ ಕೈಯಿಡುತ್ತಾರೆಂಬ ಭರವಸೆಯೂ ಇಲ್ಲ. 2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಇದೇ ಪ್ರೋಟಾನ್ ಮೇಲನ್ನು ಭಾರತದಲ್ಲಿ ತಡೆಯಲು ಕ್ರಮ ಕೈಗೊಳ್ಳುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶನ ಕೊಟ್ಟರು. ದೂರು ತಂದದ್ದು ಒಂದು ವಿನ್ಯಾಸ ಸಂಸ್ಥೆ. ಅಲ್ಲಿಯ ಮಹಿಳಾ ಉದ್ಯೋಗಿಯ ವಿರುದ್ಧ ಅಶ್ಲೀಲವಾದ, ಯಂತ್ರದಿಂದ ತಯಾರಿಸಿದ ಚಿತ್ರಗಳಿದ್ದ ಪತ್ರಗಳು ಆ ಸೇವೆಯ ಮೂಲಕ ಬಂದಿದ್ದವು. ಕಳಿಸಿದವನು ಯಾರೆಂದು ತಿಳಿಯುತ್ತಿರಲಿಲ್ಲ. ಈ ಪ್ರಕರಣ ಓದಿದಾಗ ನನ್ನ ಮನಸ್ಸು ಎರಡಾಯಿತು. ರೈತನ ಬಾಕಿಯನ್ನು ಮುಚ್ಚುವ ಬಟ್ಟೆಯೇ ಆ ನೀಚನ ಮುಖವನ್ನೂ ಮುಚ್ಚಿತು. ಆ ಹೆಣ್ಣುಮಗಳಿಗೆ ಉತ್ತರ ಕೊಡದೆ ‘ಖಾಸಗಿತನ ದೊಡ್ಡದು’ ಎಂದು ಭಾಷಣ ಮಾಡುವುದು ನನ್ನಿಂದಾಗದು. ಹಾಗೆಂದು ಒಬ್ಬ ದುಷ್ಟ ಟವೆಲು ಹೊದ್ದನೆಂದು ಜಾತ್ರೆಯ ಟವೆಲುಗಳನ್ನೆಲ್ಲ ಕಿತ್ತುಕೊಳ್ಳುವುದೂ ನನಗೆ ಒಪ್ಪಿಗೆಯಿಲ್ಲ. 2013ರಲ್ಲಿ ಅಮೆರಿಕದ ಲಾವಾಬಿಟ್ ಎಂಬ ಸಣ್ಣ ಇ-ಮೇಲ್ ಸಂಸ್ಥೆಯ ಒಡೆಯ ಲೇಡಾರ್ ಲೆವಿಸನ್ ಇದೇ ಇಕ್ಕಟ್ಟಿಗೆ ಸಿಕ್ಕಿದ್ದ. ಸರ್ಕಾರಕ್ಕೆ ಬೇಕಿದ್ದದ್ದು ಒಬ್ಬನ ಪತ್ರ; ಅದಕ್ಕಾಗಿ ಕೇಳಿದ ಕೀಲಿಕೈ ಎಲ್ಲರ ಬಾಗಿಲನ್ನೂ ತೆರೆಯುವಂಥದು. ಅವನು ಕಂಪನಿಯನ್ನೇ ಮುಚ್ಚಿದ. ದೊಡ್ಡ ಮಾತು, ಒಪ್ಪೋಣ. ಆದರೆ ಆ ಬೆಳಿಗ್ಗೆ ತಮ್ಮ ಪತ್ರಗಳಿಗಾಗಿ ಕೈಚಾಚಿ ಬರಿಗೈಯಲ್ಲಿ ನಿಂತ ಗಿರಾಕಿಗಳನ್ನೂ ನೆನೆಯಬೇಕು. ಗಿರಣಿ ನಡೆಸುವವರಿಗೆ ಇಂಥ ಶುದ್ಧಿ ಕೈಗೆಟುಕದು. ಸೋಮವಾರ ಲಾರಿ ಹೊರಡಲೇಬೇಕು.

ಅದಿರಲಿ. ಅತ್ಯಂತ ಗಟ್ಟಿ ಬೀಗವನ್ನೇ ತಂದರೆ ಕೆಲಸ ಮುಗಿಯಿತೇ ಎಂದರೆ ಅದೂ ಇಲ್ಲ. ನಮ್ಮ ಕಡೆಯ ನಾಲೆಯ ಕೊನೆಯ ಭಾಗದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ತನ್ನ ಗದ್ದೆಯ ಬದುವನ್ನು ಎಷ್ಟು ಭದ್ರ ಮಾಡಿದರೂ ನೀರು ಬರುವುದು ಮೇಲಿನವರ ಕೈಯಿಂದ. ಒಂದು ತೂಬು ಎತ್ತಿದ್ದರೆ ಸಾಕು. ಗಿರಣಿ ಪತ್ರ ಬರೆಯುವ ಹತ್ತು ಜನರಲ್ಲಿ ಒಂಬತ್ತು ಜನ ಮಾಮೂಲಿ ಉಚಿತ ಖಾತೆಯವರು. ನಾವು ಜಿನೀವಾದ ಬೀಗ ಹಾಕಿ ಕಳಿಸಿದರೂ ಅವರ ಬಳಿ ಪ್ರತಿ ಬಿಚ್ಚಿಕೊಂಡೇ ಇರುತ್ತದೆ. ಹೀಗಾಗಿ ‘ಯಾವ ಕಂಪನಿ?’ ಎಂಬ ಪ್ರಶ್ನೆ ನಾನು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ, ‘ಯಾವುದನ್ನು ಬರೆಯಬಾರದು?’ ಎಂಬುದೇ ದೊಡ್ಡದಾಯಿತು. ತಿರುಗಿ ತಿರುಗಿ ‘ಉಳಿದದ್ದು ಮುಖತಃ’ ಎಂಬಲ್ಲಿಗೇ ಬಂದೆ.

ಇನ್ನೊಂದು ಮಾತು. ಭದ್ರತೆಯ ವಿಷಯ ಬಂದಾಗ ಎಲ್ಲರೂ ದೂರದ ಕಳ್ಳನ ಬಗ್ಗೆ ಹೇಳುತ್ತಾರೆ. ದೂರದ ಕಳ್ಳ ಇದ್ದಾನೆ, ಇಲ್ಲವೆನ್ನುವುದಿಲ್ಲ. ವ್ಯಾಪಾರಿಯ ವಿಳಾಸದಲ್ಲಿ ಒಂದೇ ಅಕ್ಷರ ಬದಲಿಸಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣ ಇದಕ್ಕೆ ಹಾಕಿ’ ಎಂದು ಬರೆಯುವ ವಂಚಕರು ಸಣ್ಣ ವ್ಯಾಪಾರಗಳನ್ನು ಮುಳುಗಿಸಬಲ್ಲರು. ಅದಕ್ಕೆ ಯಾವ ಕಂಪನಿಯೂ ಪೂರ್ತಿ ಔಷಧ ಕೊಡಲಾರದು. ಗೊತ್ತಿರುವ ಹಳೆಯ ನಂಬರಿಗೆ ಫೋನ್ ಮಾಡಿ ದನಿ ಕೇಳಿ ಖಚಿತಪಡಿಸಿಕೊಳ್ಳುವುದೇ ಔಷಧ. ಆದರೆ ಸಣ್ಣ ಊರಿನ ಮನುಷ್ಯನ ಮಾನ ಹೋಗುವುದು ದೂರದವರಿಂದಲ್ಲ. ಬೇರೆ ಖಂಡದ ಯಾವುದೋ ಯಂತ್ರಕ್ಕೆ ತನ್ನ ಬಾಕಿ ಗೊತ್ತಾದರೆ ಆ ರೈತರಿಗೆ ನಿದ್ದೆ ಕೆಡುತ್ತಿರಲಿಲ್ಲ. ಹೊನ್ನಾಳಿಯ ಬೀಗರಿಗೆ ಗೊತ್ತಾಗಬಾರದಾಗಿತ್ತು. ಇದೇ ಕಾರಣಕ್ಕೆ ಯಜಮಾನರ ಸೋದರಳಿಯ ತಾನೇ ಮನೆಯಲ್ಲಿ ಒಂದು ಸರ್ವರ್ ಇಟ್ಟುಕೊಡುತ್ತೇನೆ, ಖರ್ಚೇ ಇಲ್ಲ ಎಂದಾಗ ನಾನು ಬೇಡವೆಂದೆ. ಹುಡುಗ ಜಾಣ, ಒಳ್ಳೆಯವನು. ಆದರೆ ಅವನಿಗೆ ಊರಿನವರೆಲ್ಲ ಗೊತ್ತು. ಅಪರಿಚಿತನಿಗೆ ನಮ್ಮಲ್ಲಿ ಕುತೂಹಲವಿಲ್ಲ ಎಂಬುದು ಅವನ ಒಂದು ದೊಡ್ಡ ಗುಣ.

ಆರಿಸಿದ್ದನ್ನು ಹೇಳಿಬಿಡುತ್ತೇನೆ, ಇದರಲ್ಲಿ ವಿಶೇಷವೇನಿಲ್ಲ. ಗಿರಣಿಯ ಹೆಸರಿನಲ್ಲೇ ಸ್ವಂತ ಡೊಮೈನ್ ಕೊಂಡೆವು. ಕಂಪನಿ ಕೈಕೊಟ್ಟರೆ ವಿಳಾಸ ಬಿಡದೆ ಇನ್ನೊಂದು ಕಡೆ ಹೋಗಬಹುದು. ಪತ್ರ ಇಡಲು ತಮಿಳುನಾಡಿನ ಜೋಹೊ. ತೆಂಕಾಶಿಯ ಹತ್ತಿರದ ಹಳ್ಳಿಯಲ್ಲಿ ಕಚೇರಿ ಮಾಡಿರುವ ಇವರಿಗೆ, ಕೇಂದ್ರ ಸರ್ಕಾರವೂ 2025ರಲ್ಲಿ ತನ್ನ ಸುಮಾರು 12 ಲಕ್ಷ ನೌಕರರ ಇ-ಮೇಲನ್ನು ಒಪ್ಪಿಸಿದೆ. ಸರ್ಕಾರ ಆರಿಸಿತೆಂದು ನಾವು ಆರಿಸಲಿಲ್ಲ. ಕಟ್ಟಬೇಕಾದ ಹಣ ಯಜಮಾನರಿಗೆ ಹಿಡಿಸಿತು. ಇದು ಉಪನಿಧಿಯಲ್ಲ, ನಿಕ್ಷೇಪವೇ ಎಂದು ಅವರಿಗೆ ಸ್ಪಷ್ಟವಾಗಿ ಹೇಳಿದೆ. ಒಬ್ಬೊಬ್ಬರಿಗೆ ಒಂದೊಂದು ಖಾತೆ, ಎರಡನೆಯ ಬೀಗವಾಗಿ ಫೋನಿಗೆ ಬರುವ ಸಂಖ್ಯೆ. ಕೆಲಸ ಬಿಟ್ಟವರ ಖಾತೆ ಅಂದೇ ಮುಚ್ಚಬೇಕು. ಬಾಕಿಯ ಪಟ್ಟಿ ಇ-ಮೇಲಿನಲ್ಲಿ ಹೋಗಕೂಡದು. ಆಡಿಟರ ಹುಡುಗ ಬಂದು ನೋಡಿಕೊಂಡು ಹೋಗಲಿ. ಅವನಿಗೆ ಇದು ಬೇಸರ ತಂದಿದೆ, ಬಂದಾಗಲೆಲ್ಲ ಹೇಳುತ್ತಾನೆ.

ಉಳಿದದ್ದು ಹಳೆಯ ಪೆಟ್ಟಿಗೆ. ಊರು ಬಿಟ್ಟವನನ್ನು ಹುಡುಕಿ, ಅವನ ಫೋನಿನಿಂದ ಸಂಖ್ಯೆ ಪಡೆದು ಖಾತೆಯನ್ನು ನಮ್ಮ ಕೈಗೆ ತಂದುಕೊಳ್ಳಲು ಒಂದು ವಾರ ಹಿಡಿಯಿತು. ಎಲ್ಲವನ್ನೂ ಅಳಿಸಿಬಿಡೋಣವೆಂದರೆ ಜಿ.ಎಸ್.ಟಿ. ಕಾನೂನು ಲೆಕ್ಕದ ದಾಖಲೆಗಳನ್ನು ವಾರ್ಷಿಕ ವಿವರಣೆಯ ಗಡುವಿನಿಂದ 72 ತಿಂಗಳು ಕಾಪಾಡಬೇಕೆನ್ನುತ್ತದೆ. ಬಿಲ್ಲುಗಳನ್ನು ಬೇರೆ ತೆಗೆದಿಟ್ಟೆವು. ಉಳಿದ ಆಧಾರ್ ಪ್ರತಿ, ಪಾಸ್‌ಬುಕ್ ಪುಟ, ಆ ಶಸ್ತ್ರಚಿಕಿತ್ಸೆಯ ಬಿಲ್ಲು ಇವನ್ನೆಲ್ಲ ಯಜಮಾನರು, ನಾನು ಗಿರಣಿ ನಿಂತ ಮೇಲೆ ಮೂರು ಸಂಜೆ ಕೂತು ಒಂದೊಂದಾಗಿ ಅಳಿಸಿದೆವು. ಅಳಿಸುವ ಮುಂಚೆ ಪ್ರತಿಯೊಂದು ಹೆಸರನ್ನೂ ಯಜಮಾನರು ಗಟ್ಟಿಯಾಗಿ ಓದುತ್ತಿದ್ದರು. ಕೆಲವರು ತೀರಿಕೊಂಡಿದ್ದರು. ಮದುವೆ ಮನೆಯ ಆ ರೈತರ ಹೆಸರು ಬಂದಾಗ ಓದುವುದನ್ನು ನಿಲ್ಲಿಸಿ, ಅವರ ಬಾಕಿ ಆ ಸುಗ್ಗಿಯಲ್ಲೇ ಪೂರ್ತಿ ಚುಕ್ತಾ ಆಗಿತ್ತು ಎಂದು ಹೇಳಿ ಮುಂದಿನದಕ್ಕೆ ಹೋದರು.